ಸುಣ್ಣ ಬಳಿದ ಚಿಪ್ಪು

"ಗುರುಗಳೇ, ಗೊತ್ತಿಲ್ಲದೆ ಆದ ತಪ್ಪಿಗೆ ಹೊಣೆ ಉಂಟೇ?"

ಶಿಷ್ಯ ಈ ಪ್ರಶ್ನೆ ಕೇಳಿದ್ದು ಬೆಳಗಿನ ಪಾಠ ಮುಗಿದು ಉಳಿದವರೆಲ್ಲ ಎದ್ದು ಹೋದ ಮೇಲೆ. ಗುರುಗಳು ಅವನ ಮುಖ ನೋಡಿದರು. ನಾಲ್ಕು ದಿನದಿಂದ ಅವನು ಸರಿಯಾಗಿ ಉಂಡಿರಲಿಲ್ಲ.

ನಾಲ್ಕು ದಿನದ ಹಿಂದೆ ಮಠದ ಕೊಟ್ಟಿಗೆಗೆ ಬೆಂಕಿ ಬಿದ್ದಿತ್ತು. ಹುಲ್ಲು ಸುಟ್ಟಿತು, ಒಂದು ಕರು ಸತ್ತಿತು. ಕೊಟ್ಟಿಗೆ ನೋಡಿಕೊಳ್ಳುವ ದುಗ್ಗಯ್ಯ ಎಂಬ ಮುದುಕ, ತನ್ನ ಬೀಡಿಯ ಕಿಡಿಯೇ ಹಾರಿರಬೇಕೆಂದು ತಲೆ ಚಚ್ಚಿಕೊಂಡಿದ್ದ. ತಾಯಿಯಿಲ್ಲದ ಆ ಕರುವನ್ನು ಅವನೇ ಬಾಟಲಿಯಲ್ಲಿ ಹಾಲು ಕುಡಿಸಿ ಬೆಳೆಸಿದ್ದ. ಮೂವತ್ತು ವರ್ಷ ಇದ್ದ ಜಾಗದಲ್ಲಿ ಇನ್ನು ಮುಖ ತೋರಿಸಲಾರೆ ಎಂದು ಈ ದಿನ ಮಧ್ಯಾಹ್ನದ ಬಸ್ಸಿಗೆ ಹೊರಟು ನಿಂತಿದ್ದ. ಆದರೆ ಬೆಂಕಿ ಬಿದ್ದ ಸಂಜೆ ನೊಣ ಓಡಿಸಲೆಂದು ಕೊಟ್ಟಿಗೆಗೆ ಹೊಗೆ ಹಾಕಿ, ಕೆಂಡದ ಮಡಕೆಯನ್ನು ಹುಲ್ಲಿನ ಪಕ್ಕದಲ್ಲೇ ಮರೆತು ಬಂದವನು ಶಿಷ್ಯ. ಯಾರಾದರೂ ಕೇಳಿದ್ದರೆ ಹೇಳಿಬಿಡುತ್ತಿದ್ದೆ ಎಂದು ಅವನು ತನಗೆ ತಾನೇ ಸಮಾಧಾನ ಹೇಳಿಕೊಂಡಿದ್ದ. ಯಾರೂ ಕೇಳಿರಲಿಲ್ಲ.

ಗುರುಗಳು ಕೇಳಿದರು, "ನೀನು ಸಮುದ್ರ ನೋಡಿದ್ದೀಯಾ?"

"ಇಲ್ಲ."

"ಶಾರ್ಕ್?"

"ಪುಸ್ತಕದ ಚಿತ್ರದಲ್ಲಿ ನೋಡಿದ್ದೇನೆ."

"ಹಾಗಾದರೆ ಕೂತುಕೋ. ಕತೆ ಸ್ವಲ್ಪ ಉದ್ದವಿದೆ. ಬಸ್ಸಿಗೆ ಇನ್ನೂ ಹೊತ್ತಿದೆ."

ಗುರುಗಳು ಹೇಳತೊಡಗಿದರು.

ಒಂದು ಅಳಿವೆಯ ಪಕ್ಕದಲ್ಲಿ ಒಂದು ಊರು. ನದಿ ಸಮುದ್ರವನ್ನು ಸೇರುವ ಜಾಗಕ್ಕೆ ಅಳಿವೆ ಎನ್ನುತ್ತಾರೆ. ಅಲ್ಲಿ ಅಣ್ಣ ತಮ್ಮ ಇಬ್ಬರಿದ್ದರು. ಇಬ್ಬರದೂ ಮುಳುಗುವ ಕಸುಬು. ಸಮುದ್ರದ ತಳದ ಬಂಡೆಗಳಿಗೆ ನೀಲಿಕಲ್ಲು ಎಂಬ ಚಿಪ್ಪಿನ ಜೀವಿ ಅಂಟಿಕೊಂಡಿರುತ್ತದೆ. ಜನ ಅದನ್ನು ಆಸೆಪಟ್ಟು ತಿನ್ನುತ್ತಾರೆ. ಉಸಿರು ಕಟ್ಟಿ ಮುಳುಗಿ, ಉಳಿಯಿಂದ ಅದನ್ನು ಎಬ್ಬಿಸಿ, ಸೊಂಟದ ಚೀಲಕ್ಕೆ ತುಂಬಿಕೊಂಡು ಮೇಲೆ ಬರಬೇಕು. ಅಣ್ಣ ಈ ಕೆಲಸವನ್ನು ಇಪ್ಪತ್ತೈದು ವರ್ಷ ಮಾಡಿದ. ಕೊನೆಗೆ ನೀರಿನ ಒತ್ತಡಕ್ಕೆ ಅವನ ಒಂದು ಕಿವಿ ಒಡೆಯಿತು. ಅಲ್ಲಿಗೆ ಅವನ ಮುಳುಗುವ ಕಾಲ ಮುಗಿಯಿತು. ಮನೆಯಲ್ಲಿ ಕೂತರೆ ಹುಚ್ಚು ಹಿಡಿಯುವ ಜಾತಿ ಅವನದು. ಊರವರು ಅದನ್ನು ಬಲ್ಲವರು. ಅವನಿಗೆ ಚಿಪ್ಪಿನ ಕೆಲಸ ಕೊಟ್ಟರು.

ಚಿಪ್ಪಿನ ಕೆಲಸ ಎಂದರೆ ಇಷ್ಟೇ. ದೋಣಿ ನೀರಡಿಯ ಬಂಡೆಯ ನೇರಕ್ಕೆ ಬಂದು ನಿಂತ ಮೇಲೆ, ಯಾರೂ ನೀರಿಗೆ ಇಳಿಯುವ ಮೊದಲು, ಅಂಗೈ ಅಗಲದ ಒಂದು ಹಳೆಯ ಚಿಪ್ಪನ್ನು ಹಗ್ಗಕ್ಕೆ ಕಟ್ಟಿ ಎರಡು ಮಾರು ಆಳಕ್ಕೆ ಬಿಡಬೇಕು. ಮೇಲಿನಿಂದ ಚಿಪ್ಪು ಕಂಡರೆ "ಕಂಡಿತು" ಎನ್ನಬೇಕು. ಮುಳುಗುವವರು ಇಳಿಯುತ್ತಾರೆ. ಕಾಣದಿದ್ದರೆ "ಇಲ್ಲ" ಎನ್ನಬೇಕು. ದೋಣಿ ತಿರುಗುತ್ತದೆ. ಅದಕ್ಕೆ ಎದುರು ಮಾತಿಲ್ಲ. ಚಿಪ್ಪಿನವನು ನೋಡುತ್ತಿರುವಾಗ ಉಳಿದವರು ದಡದ ಕಡೆ ಮುಖ ಮಾಡಿ ಕೂರಬೇಕು. ಇಬ್ಬರು ನೋಡಿದರೆ ಇಳಿಯುವ ಆಸೆ ಯಾರಿಗೆ ಹೆಚ್ಚೋ ಅವನ ಕಣ್ಣೇ ಗೆಲ್ಲುತ್ತದೆ ಎಂದು ಹಿರಿಯರು ಹಾಗೆ ನಿಯಮ ಮಾಡಿದ್ದರು.

ಆ ಚಿಪ್ಪು ಹೊಳಪಿನದಲ್ಲ. ಮಂಕು ಬಣ್ಣದ್ದು. ಅದಕ್ಕಿಂತ ಬೆಳ್ಳಗಿನ ಚಿಪ್ಪು ಆ ದಂಡೆಯಲ್ಲಿ ಬೇಕಾದಷ್ಟು ಬಿದ್ದಿರುತ್ತಿತ್ತು. ಹಿರಿಯರು ಅದೆಲ್ಲ ಬಿಟ್ಟು ಇದನ್ನೇ ಆರಿಸಿದ್ದರು. ಯಾಕೆಂದು ಅಣ್ಣ ಯಾವತ್ತೂ ಕೇಳಿರಲಿಲ್ಲ. ಕಸುಬು ಕಲಿಯುವವರು ಹೇಗೆ ಎಂದು ಕೇಳುತ್ತಾರೆ. ಯಾಕೆ ಎಂದು ಕೇಳುವವರು ನಿನ್ನ ಹಾಗೆ ಮಠಕ್ಕೆ ಬಂದು ಸೇರುತ್ತಾರೆ.

ಇನ್ನೊಂದು ಪದ್ಧತಿಯೂ ಇತ್ತು. ಇಳಿಯುವವನು ಮೊದಲು ಬೊಗಸೆ ನೀರು ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳಬೇಕು. ತನ್ನೊಳಗೆ ಬರಲು ಸಮುದ್ರದ ಅಪ್ಪಣೆ ಕೇಳಿದ ಹಾಗೆ. ಇದನ್ನೂ ನೆನಪಿಟ್ಟುಕೋ.

ಅಣ್ಣ ಚಿಪ್ಪಿನ ಕೆಲಸವನ್ನು ಚೆನ್ನಾಗಿಯೇ ಮಾಡಿದ. ಏಳೆಂಟು ವರ್ಷ ಒಂದು ತಪ್ಪೂ ಆಗಲಿಲ್ಲ. ಆಮೇಲೆ ಅವನ ಕಣ್ಣು ಮಬ್ಬಾಗತೊಡಗಿತು. ಒಂದು ಮಾರು ದಾಟಿದರೆ ಚಿಪ್ಪು ಕರಗಿ ಹೋದ ಹಾಗೆ ಕಾಣಿಸುತ್ತಿತ್ತು. ಅವನು ಪ್ರಾಮಾಣಿಕ. ಕಾಣದಿದ್ದಾಗ "ಇಲ್ಲ" ಎಂದ. ದೋಣಿ ತಿರುಗಿತು. ಮರುದಿನವೂ "ಇಲ್ಲ" ಎಂದ. ತಿಂಗಳಲ್ಲಿ ಹತ್ತು ದಿನ ದೋಣಿ ಬರಿಗೈಯಲ್ಲಿ ತಿರುಗಿತು. ಮುಳುಗುವವರು ಎದುರು ಮಾತಾಡಲಿಲ್ಲ, ನಿಯಮ ಹಾಗಿತ್ತು. ಆದರೆ ದಡಕ್ಕೆ ಬಂದ ಮೇಲೆ, "ಪಕ್ಕದ ಊರಿನವ್ರಿಗೆ ನೀರು ತಿಳಿ ಕಾಣ್ತದೆ, ನಮ್ಗೆ ಮಾತ್ರ ಕಾಣೂದಿಲ್ಲ" ಎಂದು ಅವನಿಗೆ ಕೇಳಿಸುವ ಹಾಗೆ ಅಂದುಕೊಂಡರು. ಅವನ ಒಳ್ಳೆಯ ಕಿವಿ ಇನ್ನೂ ಚೆನ್ನಾಗಿಯೇ ಇತ್ತು.

ಕಣ್ಣು ಹೋಯಿತು ಎಂದು ಹೇಳಿದರೆ ಮುಗಿಯುತ್ತಿತ್ತು. ಆದರೆ ಹೇಳಿದ ಮರುದಿನ ಅವನು ದೋಣಿ ಹತ್ತುವ ಹಾಗಿಲ್ಲ. ಮೊದಲು ಕಿವಿ ಹೋಯಿತು, ಈಗ ಕಣ್ಣು, ಇನ್ನೇನು ಉಳಿಯಿತು ಎಂದು ಅವನಿಗೆ ಭಯವಾಯಿತು. ಈ ಭಯವನ್ನು ನಾನು ತಮಾಷೆ ಮಾಡುವುದಿಲ್ಲ. ನನಗೂ ವಯಸ್ಸಾಗಿದೆ.

ಅವನು ಒಂದು ಉಪಾಯ ಮಾಡಿದ. ಚಿಪ್ಪನ್ನು ಮನೆಗೆ ತಂದು, ಸುಣ್ಣಕ್ಕೆ ಬೆಲ್ಲದ ನೀರು ಬೆರೆಸಿ, ನೀರಲ್ಲಿ ಬಿಡದ ಹಾಗೆ ಗಟ್ಟಿಯಾಗಿ ಬಳಿದ. ಬಿಸಿಲಲ್ಲಿ ಒಣಗಿಸಿದ. ಮತ್ತೆ ಬಳಿದ. ಮರುದಿನ ಎರಡು ಮಾರು ಆಳದಲ್ಲಿ ಚಿಪ್ಪು ಹಲ್ಲಿನ ಹಾಗೆ ಬೆಳ್ಳಗೆ ಕಂಡಿತು. ಅವನಿಗೆ ಎಷ್ಟು ಸಂತೋಷವಾಯಿತೆಂದರೆ, "ಕಂಡಿತು" ಎಂದು ಕೂಗಿಬಿಟ್ಟ. ಬೆನ್ನು ತಿರುಗಿಸಿ ಕೂತವರು ನಕ್ಕರು.

ಇದು ಮೋಸ ಎಂದು ಅವನಿಗೆ ಅನಿಸಲಿಲ್ಲ. ನನ್ನ ಕಣ್ಣು ಎಷ್ಟು ಮಂಕಾಗಿದೆಯೋ ಚಿಪ್ಪು ಅಷ್ಟು ಬೆಳ್ಳಗಾಗಿದೆ, ಸರಿಗೆ ಸರಿ ಆಯಿತು ಎಂದುಕೊಂಡ. ನಿನ್ನ ವಯಸ್ಸಿನಲ್ಲಿ ನಾನಾಗಿದ್ದರೂ ಹಾಗೇ ಅಂದುಕೊಳ್ಳುತ್ತಿದ್ದೆ. ಬೇಸಿಗೆಯಿಡೀ ನೀರು ತಿಳಿಯಾಗಿತ್ತು. ಏನೂ ತೊಂದರೆಯಾಗಲಿಲ್ಲ. ಸುಣ್ಣ ಮಾಸಿದಾಗ ಅವನು ಹೊಸದಾಗಿ ಬಳಿಯುತ್ತಿದ್ದ. ಚಿಪ್ಪು ಯಾವಾಗಲೂ ಅವನ ಚೀಲದಲ್ಲೇ ಇರುತ್ತಿದ್ದುದರಿಂದ ಬೇರೆ ಯಾರೂ ಅದನ್ನು ನೋಡಲಿಲ್ಲ. ಊರಲ್ಲಿ ಅವನ ಮರ್ಯಾದೆ ಮೊದಲಿನಂತಾಯಿತು.

ಮಳೆಗಾಲ ಬಂತು, ಹೋಯಿತು. ಮಳೆ ಮುಗಿದು ಮೊದಲ ಸಲ ದೋಣಿ ಹೊರಟ ದಿನ ನದಿಯ ನೀರು ಇನ್ನೂ ಕೆಂಪಗಿತ್ತು. ಆ ವಾರ ಅಳಿವೆಗೆ ತಾರ್ಲೆ ಮೀನಿನ ಹಿಂಡು ಬಂದಿತ್ತು. ಊರಿಗೆ ಊರೇ ಮೀನು ಸೀಳುವುದರಲ್ಲಿ ಮುಳುಗಿತ್ತು. ಸೀಳಿದ ಕರುಳು, ತಲೆ ಎಲ್ಲವನ್ನೂ ಬುಟ್ಟಿಗಟ್ಟಲೆ ಅದೇ ನೀರಿಗೆ ಸುರಿಯುತ್ತಿದ್ದರು. ಅದರ ವಾಸನೆ ಹಿಡಿದು ಯಾರು ಬರುತ್ತಾರೆಂದು ಆ ಗಡಿಬಿಡಿಯಲ್ಲಿ ಯಾರೂ ಯೋಚಿಸಲಿಲ್ಲ.

ದೋಣಿಯಲ್ಲಿ ಅಣ್ಣ, ತಮ್ಮ ಮತ್ತು ಇನ್ನಿಬ್ಬರಿದ್ದರು. ತಮ್ಮ ನೀರು ನೋಡಿ, "ಅಣ್ಣ, ಇವತ್ತು ನೀರು ಕೆಂಪುಂಟಲ್ಲ" ಎಂದ.

"ಚಿಪ್ಪು ಹೇಳ್ತದೆ, ನೀ ಆಚೆ ತಿರುಗು" ಎಂದ ಅಣ್ಣ.

ಮೂವರೂ ದಡದ ಕಡೆ ತಿರುಗಿದರು. ಅಣ್ಣ ಹಗ್ಗ ಬಿಟ್ಟ. ಕೆಂಪು ನೀರಿನ ಒಳಗೆ, ಸಣ್ಣದಾಗಿ, ಆದರೆ ಬೆಳ್ಳಗೆ, ಚಿಪ್ಪು ಕಂಡಿತು. ಅವನು ಕಂಡದ್ದನ್ನೇ ಹೇಳಿದ.

"ಕಂಡಿತು. ಬೇಗ ಇಳಿ ಮಾರಾಯ, ಇಳಿತ ಶುರುವಾದ್ರೆ ಮತ್ತೆ ಕಷ್ಟ."

ತಮ್ಮನೇ ಯಾವಾಗಲೂ ಮೊದಲು ಇಳಿಯುವವನು. ಅಣ್ಣ ಅವಸರ ಮಾಡಿದ್ದರಿಂದ ಅವನು ನೀರು ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುವುದನ್ನು ಮರೆತ. ಉಳಿ ಕಚ್ಚಿಕೊಂಡು ಹಾಗೇ ಧುಮುಕಿದ.

ನೂರು ಎಣಿಸುವಷ್ಟರಲ್ಲಿ ಮೇಲೆ ಬಂದ. ಅವನು ಕೂಗಲಿಲ್ಲ. ದೋಣಿಯ ಅಂಚು ಹಿಡಿದು, "ಕಾಲು ನೋಡಿ" ಎಂದ. ಎತ್ತಿ ಒಳಗೆ ಹಾಕಿಕೊಂಡರು. ಎಡಗಾಲಿನ ಮೀನಖಂಡ ಹರಿದು ಜೋತಾಡುತ್ತಿತ್ತು. ಅಣ್ಣ ಚಿಪ್ಪಿನ ಹಗ್ಗ ಎಳೆದು, ಚಾಕುವಿನಿಂದ ಚಿಪ್ಪನ್ನು ಕತ್ತರಿಸಿ ತನ್ನ ಚೀಲಕ್ಕೆ ಎಸೆದು, ಅದೇ ಹಗ್ಗವನ್ನು ತೊಡೆಗೆ ಬಿಗಿದು ರಕ್ತ ಕಟ್ಟಿದ. ಹಾಗೆ ಬಿಗಿಯದಿದ್ದರೆ ದಡ ಮುಟ್ಟುವ ಮೊದಲೇ ತಮ್ಮ ಸಾಯುತ್ತಿದ್ದ ಎಂದು ಆಮೇಲೆ ಡಾಕ್ಟರು ಹೇಳಿದರು. ಅಣ್ಣನ ಜಾಣತನವನ್ನು ಊರೆಲ್ಲ ಹೊಗಳಿತು.

ತಮ್ಮ ಬದುಕಿದ. ಮೊಣಕಾಲಿನ ಕೆಳಗೆ ಕಾಲು ತೆಗೆದರು. ಎಚ್ಚರವಾದ ಮೇಲೆ ಕೇಳಿದವರಿಗೆಲ್ಲ ಅವನು ಒಂದೇ ಮಾತು ಹೇಳಿದ: "ಶಾರ್ಕ್. ಹಿಡೀತು, ಒಂದ್ ಸಲ ಅಲುಗಾಡ್ಸ್ತು, ಬಿಟ್ಬಿಟ್ತು. ಅಷ್ಟೇ."

ಇಲ್ಲಿ ಶಿಷ್ಯ ತಡೆದು ಕೇಳಿದ, "ಹಸಿದು ಬಂದದ್ದಲ್ಲವೇ? ಹಿಡಿದದ್ದನ್ನು ಯಾಕೆ ಬಿಟ್ಟಿತು?"

"ನಿನ್ನ ಮೊದಲ ಪ್ರಶ್ನೆಗಿಂತ ಇದು ಒಳ್ಳೆಯ ಪ್ರಶ್ನೆ" ಎಂದರು ಗುರುಗಳು.

ಶಾರ್ಕಿಗೆ ಮನುಷ್ಯನ ಮೇಲೆ ಹಗೆಯಿಲ್ಲ. ಹಗೆ ಸಾಧಿಸುವಷ್ಟು ಅದು ನಮ್ಮನ್ನು ಬಲ್ಲದೂ ಅಲ್ಲ. ನಾವು ಅದರ ಊಟವೂ ಅಲ್ಲ. ಮೀನು ಅದರ ಊಟ. ಕದಡಿದ ನೀರು, ಸುತ್ತಲೂ ತಾರ್ಲೆಯ ಹಿಂಡು, ಕರುಳಿನ ವಾಸನೆ. ಆ ಮಬ್ಬಿನಲ್ಲಿ ಏನೋ ಒಂದು ಪಟಪಟ ಬಡಿಯುತ್ತದೆ, ಏನೋ ಒಂದು ಮಸುಕಾಗಿ ಮಿಂಚಿ ಮರೆಯಾಗುತ್ತದೆ. ಅದು ಮನುಷ್ಯನ ಅಂಗಾಲು. ಶಾರ್ಕಿಗೆ ಮೀನಿನ ಹೊಟ್ಟೆಯ ಹಾಗೆ ಕಾಣಿಸುತ್ತದೆ. ಇದೇನೆಂದು ಮುಟ್ಟಿ ನೋಡಲು ನಮಗೆ ಕೈಯಿದೆ, ಅದಕ್ಕಿಲ್ಲ. ಅದು ಹಲ್ಲಿನಿಂದಲೇ ಮುಟ್ಟಿ ನೋಡಬೇಕು. ಮುಟ್ಟಿತು. ಇದು ತನ್ನದಲ್ಲ ಎಂದು ತಿಳಿಯಿತು. ತನ್ನ ದಾರಿ ಹಿಡಿಯಿತು. ಶಾರ್ಕಿಗೆ ಅದು ಒಂದು ಸಲ ಮುಟ್ಟಿ ನೋಡಿದ್ದಷ್ಟೇ. ನಮಗೆ ಅದು ಒಂದು ಕಾಲು. ನಮ್ಮ ಮೈ ಸಮುದ್ರಕ್ಕೆಂದು ಮಾಡಿದ್ದಲ್ಲ. ಅದರ ಮನೆಗೆ ನಾವು ಹೋದದ್ದು, ಅದು ನಮ್ಮ ಮನೆಗೆ ಬಂದದ್ದಲ್ಲ. ಹೋಗಬಾರದೆಂದು ನಾನು ಹೇಳುವುದಿಲ್ಲ, ಹೊಟ್ಟೆಪಾಡಿಗೆ ಹೋಗಲೇಬೇಕು. ಯಾವ ದಿನ ಹೋಗಬಾರದೆಂದು ತಿಳಿದಿರಬೇಕು. ಅದನ್ನು ತಿಳಿಯಲೆಂದೇ ಹಿರಿಯರು ಚಿಪ್ಪು ಇಟ್ಟಿದ್ದು.

ಊರವರಿಗೆ ಇಷ್ಟು ಯೋಚಿಸುವ ತಾಳ್ಮೆ ಇರಲಿಲ್ಲ. ಅಳಿವೆಯಲ್ಲಿ ದೊಡ್ಡ ಗಾಳಗಳನ್ನು ಕಟ್ಟಿದರು. ಎಲ್ಲರಿಗಿಂತ ಜೋರಾಗಿ ಕೂಗಾಡಿದವನು ಅಣ್ಣ. ಮೂರು ದಿನದಲ್ಲಿ ನಾಲ್ಕು ಶಾರ್ಕ್ ಸಿಕ್ಕವು. ಮರಳಿನ ಮೇಲೆ ಎಳೆದು ತಂದು ಹೊಟ್ಟೆ ಬಗೆದರು. ತಾರ್ಲೆ ಇತ್ತು, ಏಡಿ ಇತ್ತು, ಬಲೆಯ ಒಂದು ತುಂಡಿತ್ತು. ನಾಲ್ಕನೆಯದರ ಹೊಟ್ಟೆಯಲ್ಲಿ ಮರಿಗಳಿದ್ದವು. ಜೀವ ಇನ್ನೂ ಇತ್ತು. ಬಿಸಿಲಲ್ಲಿ ಸ್ವಲ್ಪ ಹೊತ್ತು ಮಿಸುಕಾಡಿದವು.

ಮೀನು ಸೀಳುತ್ತಿದ್ದ ಒಬ್ಬ ಮುದುಕಿ ಎದ್ದು ಬಂದಳು. ಆ ಊರಲ್ಲಿ ಅವಳಿಗಿಂತ ಹಿರಿಯರು ಯಾರೂ ಇರಲಿಲ್ಲ.

"ಇವು ಎಂಥ ಮಾಡಿದ್ವು? ಕರುಳು ಚೆಲ್ಲಿ ಊಟಕ್ಕೆ ಕರೆದವ್ರು ನಾವು" ಎಂದಳು. ಆಮೇಲೆ ಅಣ್ಣನ ಕಡೆ ತಿರುಗಿ, ಬೇರೇನೂ ಮನಸ್ಸಿನಲ್ಲಿಲ್ಲದೆ ಕೇಳಿದಳು: "ಅಲ್ಲ ಮಗಾ, ಅವತ್ತು ಅಷ್ಟು ಕೆಂಪು ನೀರಲ್ಲಿ ಚಿಪ್ಪು ಹ್ಯಾಗೆ ಕಂಡಿತು ನಿಂಗೆ? ಅದು ಮಂಕು ಚಿಪ್ಪಲ್ವಾ. ಮನುಷ್ಯನ ಅಂಗಾಲಿನ ಬಣ್ಣದ್ದೇ ಬೇಕೂಂತ ನನ್ನ ಅಜ್ಜ ಹುಡುಕಿ ಹುಡುಕಿ ತಂದದ್ದು. ನಮ್ಗೆ ಅಂಗಾಲು ಕಾಣುವ ನೀರಲ್ಲಿ ಅವಕ್ಕೂ ಅಂಗಾಲು ಅಂಗಾಲಾಗೇ ಕಾಣ್ತದೆ. ನಮ್ಗೆ ಕಾಣದ ನೀರಲ್ಲಿ ಅವಕ್ಕೂ ತಿಳಿಯೂದಿಲ್ಲ. ಅದಕ್ಕೇ ಅಲ್ವಾ ಆ ಚಿಪ್ಪು."

ಅಣ್ಣ ಏನೋ ಒಂದು ಹೇಳಿ ಅಲ್ಲಿಂದ ಹೋದ. ಮಧ್ಯಾಹ್ನ ಒಬ್ಬನೇ ದೋಣಿ ತೆಗೆದುಕೊಂಡು ಅದೇ ಬಂಡೆಯ ಮೇಲೆ ಹೋಗಿ ನಿಂತ. ಒಂದು ಹಗ್ಗಕ್ಕೆ ಸುಣ್ಣ ಬಳಿದ ಚಿಪ್ಪು ಕಟ್ಟಿದ. ಅದರ ಜೊತೆಗೇ ದಂಡೆಯಲ್ಲಿ ಹುಡುಕಿ ತಂದ ಒಂದು ಮಂಕು ಚಿಪ್ಪು ಕಟ್ಟಿದ. ಎರಡನ್ನೂ ಒಟ್ಟಿಗೆ ಇಳಿಬಿಟ್ಟ. ಮಂಕು ಚಿಪ್ಪು ಮೊಣಕೈ ಆಳ ಹೋಗುವಷ್ಟರಲ್ಲಿ ಕಾಣದಾಯಿತು. ಸುಣ್ಣದ ಚಿಪ್ಪು ಎರಡು ಮಾರು ಹೋದರೂ ಕಾಣುತ್ತಲೇ ಇತ್ತು.

ಕಣ್ಣು ಮಬ್ಬಾಗಿತ್ತೆಂಬುದು ನಿಜ. ಆದರೆ ಎಷ್ಟೇ ಒಳ್ಳೆಯ ಕಣ್ಣಾದರೂ ಆ ನೀರಲ್ಲಿ ಮಂಕು ಚಿಪ್ಪು ಕಾಣುವಂತಿರಲಿಲ್ಲ. ಅವತ್ತು "ಇಲ್ಲ" ಎನ್ನಬೇಕಾಗಿತ್ತು. ಅವನು ದೋಣಿಯಲ್ಲಿ ಕೂತು ಅತ್ತ. ಅವನು ಕೆಟ್ಟವನಲ್ಲ. ಕೆಟ್ಟವನಾಗಿದ್ದರೆ ಈ ಕತೆಯನ್ನು ನಾನು ನಿನಗೆ ಹೇಳುತ್ತಿರಲಿಲ್ಲ.

ಮರುದಿನವೇ ಅವನು ಊರವರ ಮುಂದೆ, "ನನ್ನ ಕಣ್ಣು ಹೋಯ್ತು, ಚಿಪ್ಪಿನ ಕೆಲಸ ಬೇರೆ ಯಾರಾದ್ರೂ ಮಾಡಿ" ಎಂದು ಹೇಳಿ ಮಂಕು ಚಿಪ್ಪನ್ನು ಒಪ್ಪಿಸಿದ. ಯಾರಿಗೂ ಸಂಶಯ ಬರಲಿಲ್ಲ. ತಮ್ಮನ ದುಃಖದಲ್ಲಿ ಕಣ್ಣು ಕೆಟ್ಟಿತೆಂದುಕೊಂಡರು. ಸುಣ್ಣದ ಚಿಪ್ಪನ್ನು ಅವನು ಬಟ್ಟೆಯಲ್ಲಿ ಸುತ್ತಿ ತನ್ನ ಮನೆಯ ಮಾಡಿನ ಸಂದಿಯಲ್ಲಿಟ್ಟ. ಎಸೆಯಬಹುದಿತ್ತು, ಕೈ ಬರಲಿಲ್ಲ.

ತಮ್ಮನಿಗೆ ಹೇಳಬೇಕೆಂದು ಹೊರಟ. ಗಾಯ ಇನ್ನೂ ಹಸಿ ಇತ್ತು. ಮಾಗಲಿ, ಆಮೇಲೆ ಹೇಳುತ್ತೇನೆ ಎಂದುಕೊಂಡ. ಗಾಯ ಮಾಗಿತು. ಊರುಗೋಲು ಅಭ್ಯಾಸವಾಗಲಿ ಎಂದುಕೊಂಡ. ಅದೂ ಆಯಿತು. ತಮ್ಮನ ಮಗಳ ಮದುವೆ ಹತ್ತಿರ ಬಂತು, ಅಂಥ ಹೊತ್ತಿನಲ್ಲಿ ಹೇಳುವುದು ಹೇಗೆ. ಅಷ್ಟರಲ್ಲಿ ಮೂರು ವರ್ಷ ಕಳೆದಿತ್ತು. ಈಗ ಹೇಳಬೇಕೆಂದರೆ ಸುಣ್ಣದ ವಿಷಯ ಮಾತ್ರ ಹೇಳಿದರೆ ಸಾಲದು, ಮೂರು ವರ್ಷ ಯಾಕೆ ಸುಮ್ಮನಿದ್ದೆ ಎಂಬುದನ್ನೂ ಹೇಳಬೇಕು. ಸುಣ್ಣದ ತಪ್ಪು ಅಂಗೈ ಅಗಲದ್ದು. ತಡ ಮಾಡಿದ್ದು ಬೆಳೆಯುತ್ತಾ ಹೋಯಿತು.

ಇತ್ತ ತಮ್ಮ ಕಾಲು ಹೋದದ್ದಕ್ಕೆ ಒಂದು ಕಾರಣ ಹುಡುಕುತ್ತಿದ್ದ. ಸುಮ್ಮಸುಮ್ಮನೆ ಕಾಲು ಹೋಯಿತು ಎಂದರೆ ಯಾರ ಮನಸ್ಸೂ ಒಪ್ಪುವುದಿಲ್ಲ. ಮೊದಲ ವರ್ಷದಲ್ಲೇ ಒಂದು ದಿನ ಜಗಲಿಯಲ್ಲಿ ಬಲೆ ಹೆಣೆಯುತ್ತಾ ಕೂತವನು ಅಣ್ಣನನ್ನು ನೇರವಾಗಿ ಕೇಳಿದ.

"ಅಣ್ಣ, ಅವತ್ತು ಚಿಪ್ಪು ಚಂದ ಕಂಡಿತ್ತಲ್ವಾ?"

"ಕಂಡಿತ್ತು" ಎಂದ ಅಣ್ಣ.

ಅದು ಸುಳ್ಳಲ್ಲ. ಅವನು ಬದುಕಿನಲ್ಲಿ ಹೇಳಿದ ಅತ್ಯಂತ ಕೆಟ್ಟ ಮಾತು ಅದು, ಅದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ.

"ಹಾಗಾದ್ರೆ ತಪ್ಪು ನಂದೇ" ಎಂದ ತಮ್ಮ. "ನೀರು ಮುಟ್ಟದೆ ಇಳಿದೆ. ಅಪ್ಪಣೆ ಕೇಳ್ಲಿಲ್ಲ. ಅದಕ್ಕೇ ಸಮುದ್ರ ಮುನೀತು."

ಅಂದಿನಿಂದ ತಮ್ಮನಿಗೆ ಒಂದು ವ್ರತ ಶುರುವಾಯಿತು. ದಿನಾ ಬೆಳಿಗ್ಗೆ ನೀರಿನ ಅಂಚಿಗೆ ಹೋಗಬೇಕು, ಬೊಗಸೆ ನೀರು ಕಣ್ಣಿಗೆ ಒತ್ತಿಕೊಂಡು ತಪ್ಪಾಯಿತು ಎಂದು ಕೇಳಿಕೊಳ್ಳಬೇಕು. ಊರುಗೋಲು ಮರಳಿನಲ್ಲಿ ಹೂತುಹೋಗುತ್ತದೆ, ಒಬ್ಬನೇ ಹೋಗಲಾಗುವುದಿಲ್ಲ. ಹಾಗಾಗಿ ಹೆಗಲು ಕೊಟ್ಟು ಕರೆದುಕೊಂಡು ಹೋಗುವವನು ಅಣ್ಣ. ತಮ್ಮ ಬಗ್ಗಿ ಕ್ಷಮೆ ಕೇಳುವಾಗ ಬೀಳದ ಹಾಗೆ ಅವನ ಸೊಂಟ ಹಿಡಿದುಕೊಂಡು ಅಣ್ಣ ಹಿಂದೆ ನಿಂತಿರುತ್ತಿದ್ದ. ಎದುರಿಗೆ ಸಮುದ್ರ. ನಡುವೆ ತಪ್ಪು ಮಾಡದವನು. ಹನ್ನೊಂದು ವರ್ಷ, ಮಳೆಗಾಲ ಬಿಟ್ಟು, ಒಂದು ದಿನ ತಪ್ಪಲಿಲ್ಲ.

ಅಣ್ಣ ತಮ್ಮನಿಗೆ ಏನು ಮಾಡಲಿಲ್ಲ ಹೇಳು. ಅವನ ಮನೆಗೆ ಹಂಚು ಹೊದಿಸಿಕೊಟ್ಟ. ಅವನ ಮಗಳ ಮದುವೆಗೆ ತನ್ನ ದೋಣಿ ಮಾರಿದ. ಒಳ್ಳೆಯ ಮೀನು ಸಿಕ್ಕಿದರೆ ಮೊದಲು ತಮ್ಮನ ಮನೆಗೆ ಹೋಗುತ್ತಿತ್ತು. ಅಣ್ಣನೆಂದರೆ ಹೀಗಿರಬೇಕು ಎಂದು ಊರವರು ತಮ್ಮ ಮಕ್ಕಳಿಗೆ ಅವನನ್ನು ತೋರಿಸುತ್ತಿದ್ದರು. ಹೊಗಳಿಕೆ ಕೇಳಿದ ದಿನ ಅವನು ಊಟ ಬಿಡುತ್ತಿದ್ದ. ತಮ್ಮನಿಗೆ ಬೇಕಾದದ್ದು ಹಂಚೂ ಅಲ್ಲ, ಮೀನೂ ಅಲ್ಲ. ನೀನು ತಪ್ಪು ಮಾಡಿಲ್ಲ ಎಂಬ ಒಂದು ಮಾತು. ಅದನ್ನು ಕೊಡಬಲ್ಲವನು ಊರಿಗೆ ಒಬ್ಬನೇ ಇದ್ದ. ಅದೊಂದನ್ನು ಬಿಟ್ಟು ಅವನು ಎಲ್ಲವನ್ನೂ ಕೊಟ್ಟ.

ಹನ್ನೆರಡನೆಯ ವರ್ಷ ತಮ್ಮನಿಗೆ ಜ್ವರ ಬಂತು. ಏಳು ದಿನವಾದರೂ ಇಳಿಯಲಿಲ್ಲ. ಎಂಟನೆಯ ದಿನ ಬೆಳಿಗ್ಗೆ ಅವನು ಅಣ್ಣನ ಕೈ ಹಿಡಿದುಕೊಂಡು, "ಇವತ್ತು ನೀರಿಗೆ ಹೋಗ್ಲಿಕ್ಕೆ ಆಗೂದಿಲ್ಲ. ನನ್ನ ಪರವಾಗಿ ನೀನೇ ಹೋಗಿ ತಪ್ಪಾಯ್ತು ಅಂತ ಕೇಳಿ ಬಾ" ಎಂದ.

ಅಣ್ಣನಿಗೆ ಇನ್ನು ತಡೆಯಲಾಗಲಿಲ್ಲ. "ತಮ್ಮಾ, ನಿಂಗೆ ಒಂದು ಮಾತು ಹೇಳ್ಬೇಕು" ಎಂದ.

"ಬಂದ ಮೇಲೆ ಹೇಳು. ಹೊತ್ತು ಏರ್ತದೆ" ಎಂದ ತಮ್ಮ.

ಅಲ್ಲೇ ಹೇಳಿಬಿಡಬಹುದಿತ್ತು. ಎರಡು ನಿಮಿಷದ ಮಾತು. ಆದರೆ ಹನ್ನೊಂದು ವರ್ಷ ಮುಂದೆ ಹಾಕಿದವನಿಗೆ ಇನ್ನೊಂದು ಗಳಿಗೆ ಮುಂದೆ ಹಾಕುವುದು ಸುಲಭ. ಅವನು ಎದ್ದು ದಂಡೆಗೆ ಹೋದ. ನೀರು ಮುಟ್ಟಿ ಕಣ್ಣಿಗೆ ಒತ್ತಿಕೊಂಡ. ತಪ್ಪಾಯಿತು ಎಂದ. ಮೊದಲ ಸಲ ಆ ಮಾತು ಸರಿಯಾದ ಬಾಯಿಂದ ಬಂದಿತ್ತು. ಆದರೆ ಅದನ್ನು ಕೇಳಬೇಕಾದವನು ಮನೆಯಲ್ಲಿದ್ದ. ಅಣ್ಣ ಅಲ್ಲಿಂದ ತನ್ನ ಮನೆಗೆ ಹೋಗಿ ಮಾಡಿನ ಸಂದಿಯಿಂದ ಚಿಪ್ಪು ತೆಗೆದುಕೊಂಡು ತಮ್ಮನ ಮನೆಗೆ ಓಡಿದ. ಬಾಗಿಲಲ್ಲಿ ಜನ ನಿಂತಿದ್ದರು. ಒಳಗಿನಿಂದ ಅಳು ಕೇಳಿಸಿತು.

ಹನ್ನೆರಡು ದಿನದ ಕೆಲಸವೆಲ್ಲ ಮುಗಿದ ಮೇಲೆ ಅವನು ಆ ಚಿಪ್ಪನ್ನು ತಮ್ಮನ ಹೆಂಡತಿಯ ಮುಂದೆ ಇಟ್ಟು, ಮೊದಲಿನಿಂದ ಕೊನೆಯವರೆಗೆ ಎಲ್ಲವನ್ನೂ ಹೇಳಿದ. ಅವಳು ಬೈಯುತ್ತಾಳೆ, ಹೊಡೆಯುತ್ತಾಳೆ ಎಂದು ಕಾದ. ಅವಳು ಚಿಪ್ಪನ್ನು ಎತ್ತಿ ಉಗುರಿನಿಂದ ಸುಣ್ಣ ಸ್ವಲ್ಪ ಕೆರೆದು ನೋಡಿದಳು. ಒಳಗೆ ಮಂಕು ಬಣ್ಣ ಕಂಡಿತು.

"ಸುಣ್ಣ ಬಳ್ದದ್ದು ನಂಗೆ ಅರ್ಥ ಆಗ್ತದೆ ಭಾವ" ಎಂದಳು. "ಕಾಲು ಹೋದದ್ದನ್ನೂ ಅವ್ರು ಸಹಿಸ್ಕೊಂಡಿದ್ರು. ದಿನಾ ಬೆಳಿಗ್ಗೆ ಬಂದು, ಇವತ್ತಾದ್ರೂ ಕ್ಷಮಿಸ್ತಾ ಸಮುದ್ರ ಅಂತ ನನ್ನ ಕೇಳ್ತಿದ್ರು. ನಾ ಎಂಥ ಹೇಳ್ಲಿ. ಇದನ್ನ ಅವ್ರಿಗೆ ಹೇಳ್ಬೇಕಿತ್ತು. ಈಗ ನಂಗೆ ಹೇಳಿ ಎಂಥ ಮಾಡುದು."

ಚಿಪ್ಪನ್ನು ಅವನ ಕೈಗೇ ಕೊಟ್ಟು ಒಳಗೆ ಹೋದಳು.

ಈ ಕತೆಯನ್ನು ನನಗೆ ಹೇಳಿದವಳು ಅವಳೇ. ಆಗ ಅವಳ ತಲೆ ಪೂರ್ತಿ ಬೆಳ್ಳಗಾಗಿತ್ತು. ಅಣ್ಣ ಇನ್ನೂ ಬದುಕಿದ್ದ. ಕಣ್ಣು ಪೂರ್ತಿ ಹೋಗಿತ್ತು. ದಿನಾ ಬೆಳಿಗ್ಗೆ ಯಾರದಾದರೂ ಕೈ ಹಿಡಿದು ದಂಡೆಗೆ ಹೋಗುತ್ತಿದ್ದನಂತೆ. ಅಲ್ಲಿ ಏನು ಕೇಳಿಕೊಳ್ಳುತ್ತಾನೋ ಯಾರಿಗೂ ಗೊತ್ತಿಲ್ಲ ಎಂದಳು.

ಗುರುಗಳು ಮಾತು ನಿಲ್ಲಿಸಿದರು.

ಆದರೂ ತನ್ನ ಪ್ರಶ್ನೆಯನ್ನು ಬಿಡಲು ಶಿಷ್ಯನಿಗೆ ಮನಸ್ಸಾಗಲಿಲ್ಲ.

"ಆದರೆ ಗುರುಗಳೇ, ಸುಣ್ಣ ಬಳಿಯುವಾಗ ಅಣ್ಣನಿಗೆ ಗೊತ್ತಿರಲಿಲ್ಲ. ಕಾಲು ಕಚ್ಚುವಾಗ ಶಾರ್ಕಿಗೂ ಗೊತ್ತಿರಲಿಲ್ಲ. ನೀವೇ ಹೇಳಿದಿರಿ, ಶಾರ್ಕಿನ ಮೇಲೆ ತಪ್ಪಿಲ್ಲ ಎಂದು. ಹಾಗಾದರೆ ಅಣ್ಣನ ಮೇಲೆ ಮಾತ್ರ ಯಾಕೆ?"

ಗುರುಗಳು ಕಿಟಕಿಯ ಆಚೆ ನೋಡಿದರು. ಶಿಷ್ಯನೂ ನೋಡಿದ. ಅಂಗಳದ ಕೊನೆಯಲ್ಲಿ, ಸುಟ್ಟ ಕೊಟ್ಟಿಗೆಯ ಪಕ್ಕ, ಕರುವನ್ನು ಹೂತ ಜಾಗದಲ್ಲಿ ದುಗ್ಗಯ್ಯ ಗಂಟನ್ನು ಕೆಳಗಿಟ್ಟು ಮೊಣಕಾಲೂರಿ ಕೂತಿದ್ದ. ಎರಡೂ ಕೈ ಜೋಡಿಸಿ ಮಣ್ಣಿಗೆ ಹಣೆ ಮುಟ್ಟಿಸಿ ಏನೋ ಹೇಳಿಕೊಳ್ಳುತ್ತಿದ್ದ.

ಗುರುಗಳು ಹೇಳಿದರು, "ಗೊತ್ತಾದ ಕೂಡಲೇ ಶಾರ್ಕ್ ಬಿಟ್ಟುಬಿಟ್ಟಿತು."